ಹಸಿದವನ ಹೆಬ್ಬೆಟ್ಟು

ನಮ್ಮ ಬಬಲೇಶ್ವರ ಸೀಮೆಯಲ್ಲಿ ಹೊಸ ಮನುಷ್ಯನಿಗೆ ಮೊದಲು ಹೆಸರು ಕೇಳುತ್ತಾರೆ. ಆಮೇಲೆ, 'ನೀವ ಯಾರ ಪೈಕಿರಿ?' ಬಾಯಿ ಬಿಡದಿದ್ದರೂ ಓಣಿಯ ಹೆಸರೇ ಹೇಳಿಬಿಡುತ್ತದೆ. ಹುಟ್ಟುತ್ತಲೇ ಗುರುತು ಹೊತ್ತು ಬಂದವರಿಗೆ ಖಾಸಗಿತನ ಎಂಬ ಮಾತು ಏನು ಕೊಡುತ್ತದೆ?

ಕೆಲವು ಗೆಳೆಯರು ಅನ್ನುತ್ತಾರೆ: 'ಅದು ಉಳ್ಳವರ ಚಿಂತಿ. ಒಂದ ಖೋಲಿಯೊಳಗ ಏಳು ಮಂದಿ ಮಲಗೋ ನಮಗ್ಯಾಕ? ನಮಗ ಬೇಕಾದ್ದು ಅಕ್ಕಿ, ಜ್ವಾಳ.' ನಾನು ಒಪ್ಪುವುದಿಲ್ಲ. ಕೇಳುವವನಿಗೆ 'ಯಾಕ ಕೇಳ್ತಿ?' ಎಂದು ತಿರುಗಿ ಕೇಳುವ ಹಕ್ಕೇ ಖಾಸಗಿತನ. ಆ ಹಕ್ಕು ಇಲ್ಲದವರ ಗತಿ ಏನಾಯಿತು ಎಂಬುದಕ್ಕೆ ದೂರ ಹೋಗಬೇಕಿಲ್ಲ.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. 1911ರಲ್ಲಿ ಅದು ಇಡೀ ದೇಶಕ್ಕೆ ಹಬ್ಬಿತು. ಪಟ್ಟಿಗೆ ಸೇರಿದವರ ಬೆರಳಚ್ಚು ಒತ್ತಿಸಿಕೊಳ್ಳುವ ಅಧಿಕಾರವೂ ಬಂತು. ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಸೆಟ್ಲಮೆಂಟ್ ಎದ್ದವು. ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು ಏನೂ ಕದಿಯದಿದ್ದರೂ ಆ ಜಾತಿಯಲ್ಲಿ ಹುಟ್ಟಿದ್ದಕ್ಕೇ ಹಾಜರಿ ಹಾಕಬೇಕಾಯಿತು, ಊರು ಬಿಡಲು ಪಾಸು ಕೇಳಬೇಕಾಯಿತು. 1952ರಲ್ಲಿ ಕಾಯ್ದೆ ಹೋಯಿತು. ಹೆಸರಿಗೆ ಅಂಟಿದ ಕಲೆ ಇನ್ನೂ ಹೋಗಿಲ್ಲ.

ಆಧಾರ್ ಆ ಕಾಯ್ದೆಯಂಥದ್ದಲ್ಲ, ಅದು ಎಲ್ಲ ಜಾತಿಯವರಿಗೂ ಇದೆ. ಯಾವ ಕಾಗದವೂ ಇಲ್ಲದೆ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವವನಿಗೆ ಒಂದು ಗುರುತು ಸಿಕ್ಕಿದ್ದೂ ನಿಜ. ಆದರೆ ಅದು ಎಲ್ಲರನ್ನೂ ಒಂದೇ ತೆರನಾಗಿ ಕೇಳುತ್ತದೆಯೆ?

2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಅದರ ಹಿಂದಿನ ತಿಂಗಳು ಗೋಕರ್ಣದಲ್ಲಿ ಮೂವರು ದಲಿತ ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ಸತ್ತಿದ್ದರು. ಆಧಾರ್ ಜೋಡಿಸಿಲ್ಲವೆಂದು ಆ ಮನೆಗೆ ತಿಂಗಳುಗಟ್ಟಲೆ ರೇಷನ್ ಸಿಕ್ಕಿರಲಿಲ್ಲ ಎಂದು ಪಿಯುಸಿಎಲ್ ತಂಡ ವರದಿ ಮಾಡಿತು. ಹಸಿವಿನ ಸಾವಲ್ಲ ಎಂದು ಸರಕಾರ ಹೇಳಿತು.

2018ರ ಸೆಪ್ಟೆಂಬರ್ 26ರಂದು ಐವರ ಪೀಠ 4–1ರ ಬಹುಮತದಿಂದ ಆಧಾರ್ ಉಳಿಸಿತು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಕಡ್ಡಾಯ ಬೇಡ ಎಂದಿತು. ತೆರಿಗೆಯ ಪ್ಯಾನಿಗೆ ಇರಲಿ, ರೇಷನ್ನಿನಂಥ ಸೌಲಭ್ಯಕ್ಕೂ ಇರಲಿ ಎಂದಿತು. ಬೆರಳು ಹೊಂದಲಿಲ್ಲವೆಂದು ಯಾರಿಗೂ ಸೌಲಭ್ಯ ತಪ್ಪಬಾರದು ಎಂಬ ಮಾತೂ ತೀರ್ಪಿನಲ್ಲಿದೆ. ಆದರೆ ಕಬ್ಬು ಕಡಿದು, ದ್ರಾಕ್ಷಿ ತೋಟದಾಗ ದುಡಿದು ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ 'ನಾಳೆ ಬಾ' ಎಂದರೆ ಮುಗಿಯಿತು. ದುಡಿದದ್ದಕ್ಕೇ ಮನುಷ್ಯ ಸುಳ್ಳಾಗುತ್ತಾನೆ.

'ಒಪ್ಪಿಯೇ ಕೊಡ್ತಾರಲ್ಲ' ಎನ್ನುವವರಿದ್ದಾರೆ. ನಮ್ಮ ಮುತ್ಯಾನೂ ಸಾವಕಾರನ ಕಾಗದಕ್ಕೆ ಒಪ್ಪಿಯೇ ಹೆಬ್ಬೆಟ್ಟು ಒತ್ತಿದ್ದ. ಮನೆಯಲ್ಲಿ ಜ್ವಾಳ ಇರಲಿಲ್ಲ. ಬೇಡ ಅನ್ನಲಾಗದವನ ಹೂಂಗುಟ್ಟುವಿಕೆಗೆ ಒಪ್ಪಿಗೆ ಎಂದು ಹೆಸರಿಡುವುದು ಮೋಸ. ನಮ್ಮ ಮನೆಯಲ್ಲಿ ಸಹಿ ಕಲಿತ ಮೊದಲಿಗ ನಾನು. ರೇಷನ್ನಿನ ಯಂತ್ರಕ್ಕೆ ನನ್ನ ಸಹಿಯೂ ಬೇಡ, ಹೆಬ್ಬೆಟ್ಟೇ ಬೇಕು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ಕರಡು ಸಂವಿಧಾನವು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದಕ್ಕೆ ಸಂತೋಷಪಟ್ಟರು. 'ಯಾರ ಪೈಕಿ' ಎನ್ನುವ ಹಳ್ಳಿಗೆ ಅದೇ ಉತ್ತರ. ಮನುಷ್ಯ ಮೊದಲು, ಪುರಾವೆ ಆಮೇಲೆ. ಅನ್ನ ಅವನ ಹಕ್ಕಾದರೆ, ಅವನು ಯಾರೆಂದು ಸಾಬೀತುಮಾಡುವ ಭಾರ ಹಸಿದವನ ತಲೆಯ ಮೇಲೇ ಯಾಕೆ?

ಕಾರ್ಡು ಹರಿದುಹಾಕಿರಿ ಎಂದು ನಾನು ಹೇಳುತ್ತಿಲ್ಲ. ಯಂತ್ರ ಸೋತರೆ ಚೀಲ ಬರಿದಾಗಬಾರದು. ನಮ್ಮ ವಿವರ ಯಾರ ಕೈಗೆ ಹೋಯಿತು ಎಂದು ಕೇಳಿದರೆ ಉತ್ತರ ಬರಬೇಕು. ಹಳ್ಳಿಯ ಮಾಸ್ತರರೇ, 'ನಾಳೆ ಬಾ' ಅನ್ನಿಸಿಕೊಂಡು ತಿರುಗಿದವರ ಪಟ್ಟಿ ಬರೆಯಿರಿ. ಸಂಘಟನೆಯ ಹುಡುಗರು ಅದನ್ನು ತಹಶೀಲ್ದಾರರ ಮುಂದೆ ಒಯ್ಯಲಿ. ಬರೆಯುವ ಮುಂಚೆ ಮಾತ್ರ, ಹೆಸರು ಹಾಕಲೇ ಎಂದು ಅವರನ್ನು ಕೇಳಿರಿ.