ಒಂಟಿ ಪಯಣಿಗನ ಹೊಣೆ ಯಾರದು?

ಮನುಷ್ಯನು ಒಬ್ಬಂಟಿಯಾಗಿ ದೂರ ಪ್ರಯಾಣ ಹೊರಡುವುದು ಸರಿಯೇ? ಈ ಪ್ರಶ್ನೆ ಇಂದು ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ವರ್ಷವಿಡೀ ದುಡಿದ ಮಗ ಒಂದು ದಿನ ಬಂದು, "ನಾಳೆ ನಾನೊಬ್ಬನೇ ಕಾರಿನಲ್ಲಿ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಮಹದೇಶ್ವರ ಬೆಟ್ಟದ ಕಡೆಗೆ ಹೋಗುತ್ತೇನೆ. ರಾತ್ರಿ ಕಾಡಿನಂಚಿನಲ್ಲಿ ಟೆಂಟು ಹಾಕಿ ಮಲಗುತ್ತೇನೆ" ಎನ್ನುತ್ತಾನೆ. ತಾಯಿ ಹೆದರುತ್ತಾರೆ, ತಂದೆ ಗದರುತ್ತಾರೆ. "ನನ್ನ ಜೀವ, ನನ್ನ ಇಷ್ಟ. ಇದರಿಂದ ಯಾರಿಗೇನು ನಷ್ಟ?" ಎಂದು ಮಗ ಕೇಳುತ್ತಾನೆ. ಓದುಗರೇ, ಇದನ್ನು ಬರಿಯ ಹಟವೆಂದು ತಳ್ಳಿಹಾಕಬೇಡಿ. ಆ ಪ್ರಶ್ನೆಗೆ ಯೋಗ್ಯವಾದ ಉತ್ತರ ಕೊಡುವುದು ಹಿರಿಯರ ಕರ್ತವ್ಯ.

ಮೊದಲು ಮಗನ ಪಕ್ಷವನ್ನು ಆಲಿಸೋಣ. ಭೂಮಿಯಲ್ಲಿ ಸಂಚರಿಸಿ ಕಣ್ತೆರೆದು ನೋಡುವಂತೆ ಪವಿತ್ರ ಕುರ್‌ಆನ್ ಹಲವು ಕಡೆ ಪ್ರೇರೇಪಿಸುತ್ತದೆ. ಏಕಾಂತವೂ ಇಸ್ಲಾಮಿಗೆ ಅಪರಿಚಿತವಲ್ಲ. ಪ್ರವಾದಿತ್ವ ಲಭಿಸುವ ಮುಂಚೆ ಪ್ರವಾದಿಯವರು(ಸ) ಹಿರಾ ಗುಹೆಯಲ್ಲಿ ಅನೇಕ ರಾತ್ರಿಗಳನ್ನು ಒಬ್ಬರೇ ಕಳೆಯುತ್ತಿದ್ದರು. ಆದರೆ ಆ ಚರಿತ್ರೆಯ ಇನ್ನೊಂದು ಅಂಶವನ್ನು ನಾವು ಮರೆಯುತ್ತೇವೆ. ಅವರು ಮನೆಯಿಂದ ಬುತ್ತಿ ಒಯ್ಯುತ್ತಿದ್ದರು. ಅದು ತೀರಿದಾಗ ಮರಳಿ ಹ. ಖದೀಜಾರ(ರ) ಬಳಿಗೆ ಬಂದು ಮತ್ತೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಅವರು ಎಲ್ಲಿದ್ದಾರೆಂಬುದು ಮನೆಗೆ ತಿಳಿದಿತ್ತು. ಆ ಏಕಾಂತದ ಬೆನ್ನಿಗೆ ಒಂದು ಮನೆಯಿತ್ತು.

ಇನ್ನು ತಾಯಿಯ ಪಕ್ಷ. ಇಮಾಮ್ ಬುಖಾರಿಯವರು ತಮ್ಮ ಹದೀಸ್ ಸಂಗ್ರಹದಲ್ಲಿ ಒಂಟಿ ಪ್ರಯಾಣದ ಕುರಿತು ಒಂದು ಅಧ್ಯಾಯವನ್ನೇ ಇಟ್ಟಿದ್ದಾರೆ. ಅದರಲ್ಲಿ ಎರಡು ವರದಿಗಳು ಅಕ್ಕಪಕ್ಕದಲ್ಲಿವೆ. ಒಂಟಿತನದ ಅಪಾಯವನ್ನು ಜನರು ಅರಿತಿದ್ದರೆ ಯಾರೂ ರಾತ್ರಿ ಒಬ್ಬರೇ ಸವಾರಿ ಹೊರಡುತ್ತಿರಲಿಲ್ಲ ಎಂಬುದು ಒಂದರ ತಾತ್ಪರ್ಯ. ಇನ್ನೊಂದರಲ್ಲಿ ಖಂದಕ್ ಯುದ್ಧದ ದಿನ ಶತ್ರುಗಳ ಸುದ್ದಿ ತರಲು ಯಾರು ಸಿದ್ಧರೆಂದು ಪ್ರವಾದಿಯವರು(ಸ) ಕೇಳುತ್ತಾರೆ. ಪ್ರತಿ ಸಲವೂ ಹ. ಝುಬೈರ್(ರ) ಮುಂದೆ ಬರುತ್ತಾರೆ, ಒಬ್ಬರೇ ಹೋಗುವ ಆ ಹೊಣೆಗಾಗಿ ಪ್ರಶಂಸೆ ಪಡೆಯುತ್ತಾರೆ. ಒಂದು ತಡೆಯುತ್ತದೆ, ಇನ್ನೊಂದು ಮೆಚ್ಚುತ್ತದೆ. ಇದು ವಿರೋಧಾಭಾಸವೇ? ಅಲ್ಲ. ಒಬ್ಬನೇ ಹೋದನೋ ಇಲ್ಲವೋ ಎಂಬುದಕ್ಕಿಂತ, ಯಾವುದಕ್ಕಾಗಿ ಹೋದನು, ಅಪಾಯದ ಭಾರ ಯಾರ ಮೇಲೆ ಬಿತ್ತು ಎಂಬುದೇ ಮುಖ್ಯ ಎಂದು ಇವೆರಡೂ ಸೇರಿ ಕಲಿಸುತ್ತವೆ.

ನಮ್ಮ ಸೀಮೆಯಲ್ಲೇ ಇದಕ್ಕೆ ನಿದರ್ಶನವಿದೆ. ಅಂದು ಕೊಳ್ಳೇಗಾಲ ತಾಲೂಕಿನಲ್ಲಿದ್ದು ಇಂದು ಹನೂರು ತಾಲೂಕಿಗೆ ಸೇರಿದ ಗೋಪಿನಾಥಂ ವೀರಪ್ಪನ್‌ನ ಹುಟ್ಟೂರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆ ಊರಿನ ಜನರ ನಡುವೆ ಕೆಲಸ ಮಾಡಿ ಅವರ ವಿಶ್ವಾಸ ಗಳಿಸಿದ್ದರು. ವೀರಪ್ಪನ್ ಶರಣಾಗುತ್ತಾನೆಂಬ ಮಾತನ್ನು ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ, ಪೊಲೀಸ್ ಕಾವಲಿಲ್ಲದೆ ಕಾಡಿಗೆ ನಡೆದರು. ಅಲ್ಲಿ ಅವರ ಹತ್ಯೆಯಾಯಿತು. ಮರಣಾನಂತರ ಅವರಿಗೆ ಕೀರ್ತಿಚಕ್ರ ಸಂದಿತು. ಅವರು ಜೀವವನ್ನು ಪಣಕ್ಕಿಟ್ಟದ್ದು ರಕ್ತಪಾತ ನಿಲ್ಲಲಿ ಎಂದು. ಕೇವಲ ರೋಮಾಂಚನಕ್ಕಾಗಿ ಅದೇ ಕಾಡಿನಲ್ಲಿ ರಾತ್ರಿ ಕಳೆಯುವವನು ಅವರ ಧೈರ್ಯದಲ್ಲಿ ಪಾಲು ಕೇಳಬಹುದೇ?

"ಯಾರಿಗೇನು ನಷ್ಟ?" ಎಂಬ ಪ್ರಶ್ನೆಯನ್ನು ಈಗ ಎತ್ತಿಕೊಳ್ಳೋಣ. ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು 25 ಕಿಲೋಮೀಟರ್. ಎರಡೂ ಆನೆಗಳು ಓಡಾಡುವ ದಾರಿಗಳು. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ. ಮಲೆ ಮಹದೇಶ್ವರದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಇಂತಹ ಕಾಡಿಗೆ ಅನುಮತಿಯಿಲ್ಲದೆ ಹೊಕ್ಕು ತಂಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಒಬ್ಬ ಯುವಕ ರಾತ್ರಿ ಕಾಣೆಯಾದರೆ ಟಾರ್ಚು ಹಿಡಿದು ಹುಡುಕಲು ಹೊರಡುವವರು ಯಾರು? ಅರಣ್ಯ ಕಾವಲುಗಾರ, ದಾರಿ ಬಲ್ಲ ಸೋಲಿಗ. ಅವರಿಗೂ ಮಕ್ಕಳಿದ್ದಾರೆ. ಅವನು ಹಚ್ಚಿದ ಒಲೆಯ ಕಿಡಿ ಬೇಸಿಗೆಯ ಒಣಹುಲ್ಲಿಗೆ ತಾಗಿದರೆ ಸುಡುವುದು ಸೋಲಿಗರ ಕಾಡು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕು ದೊರೆಯಿತು. ಜೇನು, ನೆಲ್ಲಿಕಾಯಿ ಅವರ ಅನ್ನ. ಕಾಡು ಯಾರೂ ಇಲ್ಲದ ಜಾಗವಲ್ಲ, ಅದು ಇನ್ನೊಬ್ಬರ ಮನೆ. ಅನುಮತಿ ಕೇಳದೆ ಪರರ ಮನೆಗೆ ಪ್ರವೇಶಿಸಬಾರದೆಂದು ನಾವು ಮಕ್ಕಳಿಗೆ ಕಲಿಸುವುದಿಲ್ಲವೇ? ಜೀವವೂ ನಮ್ಮ ಸೊತ್ತಲ್ಲ, ಅಲ್ಲಾಹನು ಒಪ್ಪಿಸಿದ ಅಮಾನತ್ತು. ಅದರ ಮೇಲೆ ತಾಯಿಗೆ, ಮಡದಿಗೆ, ಮಕ್ಕಳಿಗೆ ಹಕ್ಕಿದೆ.

ಆದರೆ ಇಷ್ಟಕ್ಕೆ ನಿಲ್ಲಿಸಿದರೆ ಅರ್ಧ ಸತ್ಯವಷ್ಟೇ ಹೇಳಿದಂತಾಗುತ್ತದೆ. ಒಂಟಿ ಪಯಣಿಗನಿಗೆ ಹೊಣೆಯಿರುವಂತೆ ಅವನ ಕುರಿತು ನಮಗೂ ಹೊಣೆಯಿದೆ. 1325ರಲ್ಲಿ, ಅಟ್ಲಾಂಟಿಕ್ ಸಾಗರದ ಬಾಗಿಲಿನಂತಿರುವ ಟಾಂಜಿಯರ್‌ನಿಂದ 21 ವರ್ಷದ ಯುವಕನೊಬ್ಬ ಹಜ್ಜಿಗೆಂದು ಒಬ್ಬನೇ ಹೊರಟನು. ಮುಂದೆ ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ಕಂಡ ಇಬ್ನ್ ಬತೂತಾ ಆತನೇ. ದಾರಿಯಲ್ಲಿ ಜ್ವರ ಬಂದು, ಸವಾರಿಯಿಂದ ಬೀಳದಂತೆ ಪೇಟದ ಬಟ್ಟೆಯಿಂದ ತನ್ನನ್ನು ಜೀನಿಗೆ ಬಿಗಿದುಕೊಂಡನು. ಟ್ಯೂನಿಸ್ ತಲುಪಿದಾಗ ಊರಿನವರು ಬಂದು ಪ್ರತಿಯೊಬ್ಬ ಪಯಣಿಗನಿಗೂ ಸಲಾಂ ಹೇಳಿದರು. ಅವನನ್ನು ಮಾತ್ರ ಯಾರೂ ಮಾತಾಡಿಸಲಿಲ್ಲ. ಅವನು ಅತ್ತುಬಿಟ್ಟನು. ಅದನ್ನು ಗಮನಿಸಿದ ಹಾಜಿಯೊಬ್ಬರು ಹತ್ತಿರ ಬಂದು ಸಲಾಂ ಹೇಳಿ ಸಂತೈಸಿದರು. ಕೆಲವೇ ತಿಂಗಳಲ್ಲಿ ಅದೇ ಯುವಕ ಹಜ್ಜ್ ಯಾತ್ರಿಕರ ತಂಡಕ್ಕೆ ಕಾಝಿಯಾದನು.

ದಾರಿಗಳ್ಳರ ಹಾವಳಿಯ ದೂರು ಬಂದಾಗ ಪ್ರವಾದಿಯವರು(ಸ) ಹ. ಅದೀ ಬಿನ್ ಹಾತಿಮ್‌ರಿಗೆ(ರ) ಒಂದು ಭವಿಷ್ಯ ನುಡಿದಿದ್ದರು. ಇರಾಕ್‌ನ ಕಡೆಯಿಂದ ಕಅಬಾದವರೆಗೆ ಮಹಿಳೆಯೊಬ್ಬಳು ಅಲ್ಲಾಹನ ಹೊರತು ಯಾರಿಗೂ ಅಂಜದೆ ಪ್ರಯಾಣಿಸುವ ಕಾಲ ಬರಲಿದೆ ಎಂದು. ಅದೀಯವರು(ರ) ಅದನ್ನು ಕಣ್ಣಾರೆ ಕಂಡರು. ಮಹಿಳೆಯರ ಪ್ರಯಾಣದ ಕುರಿತು ವಿದ್ವಾಂಸರ ಚರ್ಚೆ ಬೇರೆಯೇ ಇದೆ. ಇಲ್ಲಿ ಗಮನಿಸಬೇಕಾದುದು ಸಮಾಜವನ್ನು ಅಳೆದ ಆ ಅಳತೆಗೋಲನ್ನು. ನಮ್ಮ ರಸ್ತೆಯಲ್ಲಿ ಒಂಟಿಯಾಗಿ ಬಂದವರು ನಿರ್ಭಯರಾಗಿದ್ದಾರೆಯೇ? 2004ರಲ್ಲಿ ವೀರಪ್ಪನ್ ಸತ್ತ ಮೇಲೆ ಹನೂರಿನ ದಾರಿಯ ಒಂದು ಭಯ ಕಳೆಯಿತು. ಉಳಿದ ಭಯಗಳನ್ನು ಕಳೆಯುವ ಕೆಲಸ ನಮ್ಮದು.

ಆದ್ದರಿಂದ ಮಗನಿಗೆ "ಬೇಡ" ಎಂಬ ಒಂದೇ ಮಾತು ಹೇಳಿ ಬಾಗಿಲು ಮುಚ್ಚಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಅವನು ಹೇಳದೆ ಹೋಗುತ್ತಾನೆ. ಎಲ್ಲಿಗೆ, ಯಾವ ದಾರಿ, ಎಂದು ಮರಳುವೆ ಎಂದು ಕೇಳಿರಿ. ಕತ್ತಲಾಗುವ ಮುನ್ನ ಕಾಡು ದಾಟಿ, ಅನುಮತಿಯಿರುವ ಜಾಗದಲ್ಲೇ ತಂಗುವಂತೆ ತಿಳಿಸಿರಿ. ಸಾಧ್ಯವಾದರೆ ಇಬ್ಬರು ಗೆಳೆಯರನ್ನು ಜೊತೆಗೆ ಕಳುಹಿಸಿರಿ. ಮೂವರಾದರೆ ಒಬ್ಬನನ್ನು ನಾಯಕನನ್ನಾಗಿ ಮಾಡಿಕೊಳ್ಳುವುದು ಪ್ರವಾದಿಚರ್ಯೆ. ಬುತ್ತಿ ಕಟ್ಟಿಕೊಟ್ಟು ಅಲ್ಲಾಹನ ರಕ್ಷಣೆಗೆ ಒಪ್ಪಿಸಿ ಕಳುಹಿಸಿರಿ. ನಿಮ್ಮ ಅಂಗಡಿಯ ಮುಂದೆ, ಮಸೀದಿಯ ಬಳಿ ಅಪರಿಚಿತನೊಬ್ಬನ ವಾಹನ ನಿಂತರೆ, ಅವನ ಜಾತಿ ಧರ್ಮ ಕೇಳದೆ ನೀರು ಕೊಟ್ಟು ದಾರಿ ತೋರಿಸಿರಿ. ಅವನ ತಾಯಿಯೂ ಎಲ್ಲೋ ಎಚ್ಚರವಾಗಿ ಕುಳಿತಿರುತ್ತಾಳೆ. ಪಯಣಿಗರನ್ನೂ ಅವರ ದಾರಿ ಕಾಯುವವರನ್ನೂ ಅಲ್ಲಾಹನು ಕಾಪಾಡಲಿ.