ಸ್ವಲ್ಪ ಸ್ವಲ್ಪವಾಗಿ ಬರುವ ಬಿಡುಗಡೆ

ವಿಮೋಚನಕಾಂಡ 23ನೇ ಅಧ್ಯಾಯ, 29 ಮತ್ತು 30ನೇ ವಚನ ತೆಗೆಯಿರಿ. ಕಾನಾನಿನ ಜನಾಂಗಗಳನ್ನು ದೇವರು ಒಂದೇ ವರ್ಷದಲ್ಲಿ ಓಡಿಸಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಓಡಿಸಿದರು. ಯಾಕೆ? ದೇಶ ಒಮ್ಮೆಲೇ ಖಾಲಿಯಾದರೆ ಕಾಡುಮೃಗಗಳು ಸೇರಿಕೊಳ್ಳುತ್ತವೆ. ದೇವರಿಗೆ ಶಕ್ತಿ ಇರಲಿಲ್ವಾ? ಇತ್ತು. ಆದ್ರೂ ನಿಧಾನ ಮಾಡಿದರು.

ಇವತ್ತು ನಿದ್ರೆ ಮಾತ್ರೆ ವಿಷಯ ಮಾತಾಡ್ತೀನಿ. ಮುಖ ಮುಖ ನೋಡಬೇಡಿ, ನಮ್ಮ ಮಧ್ಯದಲ್ಲೇ ಇದೆ. ಆಲ್ಪ್ರಾಜೋಲಾಮ್, ಕ್ಲೋನಾಜೆಪಾಮ್. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಮಾತ್ರೆಗಳು. ಆದರೆ ಮೊಬೈಲಿನಲ್ಲಿ ಆರ್ಡರ್ ಮಾಡಿ, ಚೀಟಿಯಿಲ್ಲದೆ ಬಾಗಿಲಿಗೇ ತರಿಸಿಕೊಳ್ಳುವವರಿದ್ದಾರೆ. ಆ ಪೊಟ್ಟಣದೊಳಗೆ ನಿಜವಾಗಿ ಏನಿದೆ, ಯಾರು ನೋಡಿದ್ದಾರೆ?

ಹೋದ ವರ್ಷ ನೈಟ್ ಶಿಫ್ಟ್ ಮಾಡುವ ಒಬ್ಬ ತಮ್ಮ ಉಪವಾಸ ಪ್ರಾರ್ಥನೆಗೆ ಬಂದ. ಅವನ ಅನುಮತಿ ತಗೊಂಡೇ ಹೇಳ್ತಿದ್ದೀನಿ. ಮೊದಲು ದಿನಕ್ಕೆ ಅರ್ಧ ಮಾತ್ರೆ, ಆಮೇಲೆ ಒಂದು, ಆಮೇಲೆ ನಾಲ್ಕು. ನಾನು ತಲೆ ಮೇಲೆ ಕೈ ಇಟ್ಟು, "ವಿಶ್ವಾಸ ಇದ್ರೆ ಈಗಲೇ ಎಲ್ಲಾ ಬಿಸಾಡು" ಅಂದೆ. ಬಿಸಾಡಿದ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮೂರನೇ ರಾತ್ರಿ ಅವನ ತಾಯಿ ಫೋನ್ ಮಾಡಿದರು: "ಪಾಸ್ಟರ್, ಮಗನಿಗೆ ಫಿಟ್ಸ್ ಬಂದಿದೆ."

ಕೆಲವರು ದುರಾತ್ಮ ಅಂದ್ರು. ಆಸ್ಪತ್ರೆಯಲ್ಲಿ ಡಾಕ್ಟರ್ ಬಿಡಿಸಿ ಹೇಳಿದರು. ತಿಂಗಳುಗಟ್ಟಲೆ ಈ ಮಾತ್ರೆ ತಗೊಂಡ ಮಿದುಳು ಅದಕ್ಕೇ ಒರಗಿಕೊಂಡಿರುತ್ತೆ. ಏಕಾಏಕಿ ನಿಲ್ಲಿಸಿದ್ರೆ ನಿದ್ರೆ ಹೋಗುತ್ತೆ, ಕೈ ನಡುಗುತ್ತೆ, ಭಯ ಏರುತ್ತೆ, ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಡೋಸನ್ನು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕಂತೆ. ಸ್ವಲ್ಪ ಸ್ವಲ್ಪವಾಗಿ! ನಾನು ವರ್ಷಗಟ್ಟಲೆ ಬೋಧಿಸಿದ ವಚನವನ್ನ ಡಾಕ್ಟರ್ ನನಗೆ ಬೋಧಿಸಿದರು. ಆ ತಾಯಿಯ ಹತ್ತಿರ ಕ್ಷಮೆ ಕೇಳಿದೆ. ಇವತ್ತು ಸಭೆಯ ಮುಂದೆನೂ ಕೇಳ್ತೀನಿ.

ಡೋಸ್ ಇಳಿದಾಗಲೆಲ್ಲ ರಾತ್ರಿ ಎರಡು ಗಂಟೆಗೆ ಫೋನ್ ಮಾಡ್ತಿದ್ದ. ಇಬ್ಬರೂ ಕೀರ್ತನೆ ಓದ್ತಿದ್ವಿ. ಎಲೀಯನನ್ನು ನೋಡಿ. ಗಿಡದ ಕೆಳಗೆ ಸಾವು ಬೇಡಿದವನನ್ನು ದೇವರು ಗದರಿಸಲಿಲ್ಲ. ರೊಟ್ಟಿ, ನೀರು ಕೊಟ್ಟರು, ಮತ್ತೆ ಮಲಗಲು ಬಿಟ್ಟರು, ಮತ್ತೆ ಎಬ್ಬಿಸಿ ಉಣಿಸಿದರು. ಎರಡು ಸಲ! ನಾವು ಒಂದು ಸಲ ಕೈ ಇಟ್ಟು ಕಳಿಸಿಬಿಡ್ತೀವಿ.

ಮಾತ್ರೆ ಬಚ್ಚಿಟ್ಟಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಬಿಸಾಡಬೇಡಿ. ಡಾಕ್ಟರಿಗೆ ತೋರಿಸಿ, ಎಷ್ಟು ತಗೊಳ್ತೀರಿ ಅಂತ ಸುಳ್ಳಿಲ್ಲದೆ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗ ಇದೆ. ಸರ್ಕಾರದ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೂ ಮಾತಾಡಬಹುದು. ಒಬ್ಬರೇ ಹೋಗಲು ನಾಚಿಕೆ ಆದರೆ ನನ್ನನ್ನೋ ಪಾಸ್ಟರಮ್ಮನನ್ನೋ ಕರೀರಿ, ಜೊತೆಗೆ ಬರ್ತೀವಿ.

ಕಣ್ಣು ಮುಚ್ಚೋಣ. ಯಾರೂ ಪಕ್ಕದವರನ್ನು ನೋಡಬೇಡಿ. ಪ್ರಾರ್ಥಿಸೋಣ.