ದೊರೆಯ ಪ್ರಾಯಶ್ಚಿತ್ತ

ಮಡಿಕೇರಿಗೆ ಬಂದ ನೆಂಟರಿಗೆ ಊರು ತೋರಿಸುವ ಕೆಲಸ ಹೆಚ್ಚಾಗಿ ನಮ್ಮ ಹೆಂಗಸರ ಪಾಲಿಗೇ ಬರುತ್ತದೆ. ಗಂಡಸರು ‘ಕೋಟೆ ತೋರಿಸು, ಹಾಗೇ ರಾಜಾಸೀಟಿಗೂ ಕರೆದುಕೊಂಡು ಹೋಗು’ ಎಂದು ಹೇಳಿ ತೋಟದ ಕಡೆಗೋ ಆಫೀಸಿಗೋ ಹೊರಟುಬಿಡುತ್ತಾರೆ. ಮನೆಯ ಮಕ್ಕಳು ನೂರು ಸಲ ನೋಡಿದ ಜಾಗಕ್ಕೆ ಬರಲು ಒಪ್ಪುವುದಿಲ್ಲ. ಹೀಗಾಗಿ ಈ ಊರಿನ ಚರಿತ್ರೆಯನ್ನು ಹೇಳುತ್ತಾ ಬಂದವರು ಪಂಡಿತರಿಗಿಂತ ಹೆಚ್ಚಾಗಿ ನಾವೇ ಇರಬೇಕು.

ಹೇಳಲು ಬೇಕಾದಷ್ಟಿದೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ತನ್ನ ರಾಜಧಾನಿಯನ್ನು ಇಲ್ಲಿಗೆ ತಂದ. ಮುದ್ದುರಾಜನ ಕೇರಿ ಜನರ ಬಾಯಲ್ಲಿ ಮಡಿಕೇರಿಯಾಯಿತು. ಅವನು ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟ. ದೊಡ್ಡವೀರರಾಜೇಂದ್ರ ಅದನ್ನು ಮರಳಿ ಪಡೆದ. ಅವನ ತಮ್ಮ ಲಿಂಗರಾಜೇಂದ್ರ ಈಗ ನಾವು ನೋಡುವ ಅರಮನೆಯನ್ನು ಕಟ್ಟಿಸಿದ. 1834ರಲ್ಲಿ ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ತಮ್ಮದಾಗಿಸಿಕೊಂಡರು. ಕೋಟೆಯೊಳಗಿದ್ದ ವೀರಭದ್ರನ ಗುಡಿಯನ್ನು ತೆಗೆಸಿ ಆ ಜಾಗದಲ್ಲಿ ಚರ್ಚು ಕಟ್ಟಿದರು. ಆ ಚರ್ಚೇ ಈಗ ಸರ್ಕಾರದ ವಸ್ತುಸಂಗ್ರಹಾಲಯ. ಇಷ್ಟು ಸಣ್ಣ ಊರಿನಲ್ಲಿ ಎಷ್ಟೊಂದು ಜನ ಬಂದು ಹೋದರು ಎಂದು ನೆಂಟರು ಬೆರಗಾಗುತ್ತಾರೆ.

ಎಲ್ಲರಿಗೂ ಬಹಳ ಇಷ್ಟವಾಗುವುದು ಓಂಕಾರೇಶ್ವರ. 1820ರಲ್ಲಿ ಲಿಂಗರಾಜ ಕಟ್ಟಿಸಿದ ಗುಡಿ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಗೋಪುರ, ಎದುರಿಗೆ ಕೊಳ, ಕೊಳದ ನಡುವೆ ಪುಟ್ಟ ಮಂಟಪ. ದೂರದಿಂದ ಮಸೀದಿಯಂತೆ ಕಾಣುತ್ತದೆ, ಒಳಗೆ ಶಿವ. ಮಳೆಗಾಲದ ಮಂಜಿನಲ್ಲಿ ಅದನ್ನು ನೋಡಿದವರು ಮರೆಯುವುದಿಲ್ಲ.

ಗುಡಿಗೊಂದು ಕಥೆಯಿದೆ, ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಲಿಂಗರಾಜ ಒಬ್ಬ ಸಜ್ಜನ ಬ್ರಾಹ್ಮಣನನ್ನು ಕೊಲ್ಲಿಸಿದ. ಸತ್ತವನು ಬ್ರಹ್ಮರಾಕ್ಷಸನಾಗಿ ಕಾಡಿದ. ದೊರೆಗೆ ನಿದ್ದೆಯಿಲ್ಲ. ತಿಳಿದವರ ಮಾತಿನಂತೆ ಕಾಶಿಯಿಂದ ಲಿಂಗ ತರಿಸಿ ಗುಡಿ ಕಟ್ಟಿಸಿದ ಮೇಲೆ ಕಾಟ ನಿಂತಿತು. ಕೆಲವರು ಹೇಳುವ ಕಥೆಯಲ್ಲಿ ಆ ಬ್ರಾಹ್ಮಣನಿಗೊಬ್ಬ ಮಗಳಿದ್ದಾಳೆ. ದೊರೆ ಅವಳನ್ನು ಬಯಸಿದ, ತಂದೆ ಒಪ್ಪಲಿಲ್ಲ, ಅದಕ್ಕೇ ಪ್ರಾಣ ಹೋಯಿತು.

ಒಮ್ಮೆ ಮೈಸೂರಿನಿಂದ ಬಂದ ನೆಂಟರ ಹುಡುಗಿ, ಒಂಬತ್ತು ಹತ್ತು ವರ್ಷ ಇದ್ದೀತು, ಈ ಕಥೆಯನ್ನು ಪೂರ್ತಿ ಕೇಳಿ, ‘ಆಂಟಿ, ದೊರೆಗೆ ನಿದ್ದೆ ಬಂತು ಸರಿ. ಆ ಮಗಳು ಏನಾದಳು?’ ಎಂದು ಕೇಳಿತು. ಅವಳ ತಾಯಿ, ‘ಅಧಿಕಪ್ರಸಂಗ ಮಾಡಬೇಡ, ಕೈ ಮುಗಿ’ ಎಂದು ಗದರಿಸಿದಳು. ನನಗಂತೂ ಅದಕ್ಕಿಂತ ಸರಿಯಾದ ಪ್ರಶ್ನೆ ಇರಲಾರದು ಎನಿಸಿತು.

ಕಥೆ ನಿಜವೋ ಸುಳ್ಳೋ, ಅದು ಬೇರೆ ಮಾತು. ಇನ್ನೂರು ವರ್ಷ ಜನ ಅದನ್ನು ಹೀಗೆ ಹೇಳಿಕೊಂಡು ಬಂದಿದ್ದಾರೆ ಎನ್ನುವುದೇ ಯೋಚಿಸಬೇಕಾದ ವಿಷಯ. ಆ ಕಥೆಯಲ್ಲಿ ತಪ್ಪು ಮಾಡಿದವನು ದೊರೆ, ಸಂಕಟಪಟ್ಟವನೂ ದೊರೆ, ಪರಿಹಾರ ಸಿಕ್ಕಿದ್ದೂ ದೊರೆಗೇ. ತಂದೆಯನ್ನು ಕಳೆದುಕೊಂಡವಳು ಕಥೆಯ ಅರ್ಧದಲ್ಲೇ ಎಲ್ಲೋ ಹೊರಟುಹೋಗುತ್ತಾಳೆ. ಅವಳನ್ನು ಯಾರೂ ಹುಡುಕುವುದಿಲ್ಲ.

ಕೋಟೆಯೊಳಗೆ ಗಾರೆಯಲ್ಲಿ ಮಾಡಿದ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಅದಕ್ಕೂ ಇಂಥದೇ ಒಂದು ಕಥೆ. ದೊರೆಯೊಬ್ಬ ಸಿಟ್ಟಿನಲ್ಲಿ ಆನೆಗಳನ್ನೂ ಮಾವುತನನ್ನೂ ಕೊಲ್ಲಿಸಿ, ಆಮೇಲೆ ಮರುಗಿ ಅವುಗಳನ್ನು ಮಾಡಿಸಿದನಂತೆ. ಆನೆಗಳು ನಿಂತಿವೆ, ಮಕ್ಕಳು ಅವುಗಳ ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮಾವುತ ಇಲ್ಲ.

ಪಶ್ಚಾತ್ತಾಪ ಎಂದರೆ ಏನು ಹಾಗಾದರೆ? ನಮ್ಮ ಮನಸ್ಸಿನ ಭಾರ ಇಳಿಸಿಕೊಳ್ಳುವುದೋ, ಅಥವಾ ಯಾರ ಮೇಲೆ ಭಾರ ಹೇರಿದೆವೋ ಅವರ ಹತ್ತಿರ ಹೋಗುವುದೋ?

ಇದು ದೊರೆಗಳ ವಿಷಯ, ನಮಗೇಕೆ ಎನ್ನುವಂತಿಲ್ಲ. ನಮ್ಮ ನೆರೆಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ತವರಿನಿಂದ ಬಂದ ಜೋಮಾಲೆಯನ್ನು ಅವರ ಗಂಡ ಅವರನ್ನು ಒಂದು ಮಾತೂ ಕೇಳದೆ ಮಾರಿಬಿಟ್ಟಿದ್ದರು. ತೋಟದ ಸಾಲ ತೀರಿತು. ಎರಡು ವರ್ಷದ ನಂತರ ಒಳ್ಳೆಯ ಬೆಳೆ ಬಂದಾಗ ಅವರೇ ಮೈಸೂರಿಗೆ ಹೋಗಿ ಜರತಾರಿ ಅಂಚಿನ ರೇಷ್ಮೆ ಸೀರೆ ತಂದು ಮಂಚದ ಮೇಲಿಟ್ಟರಂತೆ. ಅಜ್ಜಿ ಮದುವೆಮನೆಗಳಿಗೆಲ್ಲ ಅದನ್ನು ಉಟ್ಟರು. ಯಾರಾದರೂ ಹೊಗಳಿದರೆ, ‘ಸೀರೆ ಚೆನ್ನಾಗಿದೆ. ಅದನ್ನು ತಂದವರು ಸಾಯುವವರೆಗೂ ಮಾಲೆ ಎನ್ನುವ ಮಾತು ಬಾಯಲ್ಲಿ ತರಲಿಲ್ಲ’ ಎನ್ನುತ್ತಿದ್ದರು. ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಲೆಕ್ಕ ಹೇಳುವವರ ಹಾಗೆ ಹೇಳುತ್ತಿದ್ದರು.

ಇಂಥ ಸೀರೆ ನಮ್ಮಲ್ಲಿ ಹಲವರ ಪೆಟ್ಟಿಗೆಯಲ್ಲಿರಬಹುದು. ಕೆಲವರಿಗೆ ಅದು ಒಂದು ಮೊಳ ಮಲ್ಲಿಗೆ, ಕೆಲವರಿಗೆ ಒಂದು ಸಿನಿಮಾ. ತಂದವರಿಗೆ ಪ್ರೀತಿ ಇಲ್ಲವೆಂದಲ್ಲ, ಇದೆ. ಆದರೆ ‘ನಿನಗೆ ಇಂಥ ಅನ್ಯಾಯ ಮಾಡಿದೆ’ ಎನ್ನುವ ಒಂದು ವಾಕ್ಯಕ್ಕಿಂತ ಐದು ಸಾವಿರದ ಸೀರೆ ಅವರಿಗೆ ಅಗ್ಗವಾಗಿ ಕಾಣುತ್ತದೆ. ದೊರೆಗೂ ಗುಡಿ ಕಟ್ಟಿಸುವುದೇ ಸುಲಭವಾಗಿತ್ತೇನೋ.

ನಮ್ಮ ಊರಿನ ಚರಿತ್ರೆಯಲ್ಲಿ ಕಥೆಯಲ್ಲದ, ನಿಜವಾಗಿ ಬದುಕಿದ್ದ ಹುಡುಗಿಯೊಬ್ಬಳಿದ್ದಾಳೆ. ಅವಳು ದೇವಮ್ಮಾಜಿ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ಗೊತ್ತಿರುವ, ದೊರೆಯ ತಂಗಿ ದೇವಮ್ಮಾಜಿಯಲ್ಲ, ಇವಳು ದೊಡ್ಡವೀರರಾಜೇಂದ್ರನ ಮಗಳು. ಗಂಡುಮಕ್ಕಳಿಲ್ಲದ ಆ ದೊರೆ ತನ್ನ ನಂತರ ಪಟ್ಟ ಇವಳಿಗೇ ಎಂದು ತೀರ್ಮಾನಿಸಿದ್ದ. 1809ರಲ್ಲಿ ಅವನು ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು. ಅವಳ ಹೆಸರಿನಲ್ಲಿ ಆಡಳಿತ ನೋಡಿಕೊಳ್ಳಲು ಬಂದ ಚಿಕ್ಕಪ್ಪ ಲಿಂಗರಾಜ ಸ್ವಲ್ಪ ಕಾಲದಲ್ಲೇ ಅವಳನ್ನು ಬದಿಗೆ ಸರಿಸಿ ತಾನೇ ದೊರೆಯಾದ. ಅವನ ಮಗನ ಆಳ್ವಿಕೆಯಲ್ಲಿ ಅವಳ ಕೊಲೆಯಾಯಿತೆಂದು ಕೊಡಗಿನ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಬ್ರಹ್ಮರಾಕ್ಷಸನಾಗಿ ಕಾಡಿದ್ದು ಬ್ರಾಹ್ಮಣನೊಬ್ಬನೇ. ಪಟ್ಟ ಕಳೆದುಕೊಂಡ ಅಣ್ಣನ ಮಗಳು ಲಿಂಗರಾಜನ ಕನಸಿನಲ್ಲಿ ಬಂದಳೆಂದು ನಮ್ಮ ಕಡೆ ಯಾರೂ ಕಥೆ ಕಟ್ಟಲಿಲ್ಲ. ಯಾರು ಕಾಡಬಲ್ಲರು ಎಂದು ನಾವು ನಂಬುತ್ತೇವೋ ಅವರಿಗೆ ಮಾತ್ರ ಪ್ರಾಯಶ್ಚಿತ್ತ ಸಲ್ಲುತ್ತದೆ ಎನ್ನುವುದು ಇದರಿಂದ ತಿಳಿಯುತ್ತದೆ. ಹೆಣ್ಣುಮಕ್ಕಳು, ಮಾವುತರು ಕಾಡುವವರ ಲೆಕ್ಕದಲ್ಲಿಲ್ಲ.

ಹಾಗೆಂದು ಓಂಕಾರೇಶ್ವರಕ್ಕೆ ಹೋಗಬಾರದೇ? ಹಳೆಯದನ್ನು ಕೆದಕಿ ಏನು ಪ್ರಯೋಜನ ಎನ್ನುವವರೂ ಇದ್ದಾರೆ, ಹಳೆಯ ಲೆಕ್ಕ ತೀರಿಸಲು ಕಲ್ಲುಗಳನ್ನೇ ಉರುಳಿಸಬೇಕು ಎನ್ನುವವರೂ ಇದ್ದಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಸ್ಪೇನ್ ದೇಶದಲ್ಲಿ ಕಾರ್ಡೋಬಾ ಎಂಬ ಹಳೆಯ ನಗರವಿದೆ. ಅಲ್ಲಿ ಎಂಟನೆಯ ಶತಮಾನದಲ್ಲಿ ಕಟ್ಟಲು ತೊಡಗಿದ ದೊಡ್ಡ ಮಸೀದಿಯನ್ನು 1236ರಲ್ಲಿ ಊರು ಗೆದ್ದ ಕ್ರೈಸ್ತ ದೊರೆಗಳು ಇಗರ್ಜಿಯಾಗಿಸಿಕೊಂಡರು. ಹದಿನಾರನೆಯ ಶತಮಾನದಲ್ಲಿ ಅದರ ನಟ್ಟನಡುವೆ ಕಂಬಗಳನ್ನು ತೆಗೆಸಿ ಎತ್ತರದ ಆರಾಧನಾ ಮಂದಿರ ಎಬ್ಬಿಸಿದರು. ಉಳಿದ ಕಂಬಗಳ ಸಾಲು, ಕೆಂಪು ಬಿಳಿ ಪಟ್ಟೆಯ ಕಮಾನುಗಳು ಹಾಗೇ ಇವೆ. ಅದನ್ನು ನೋಡಲು ಹೋದವರಿಗೆ ಕಟ್ಟಿದವರು, ಕಿತ್ತುಕೊಂಡವರು ಇಬ್ಬರೂ ಒಂದೇ ಸೂರಿನಡಿ ಕಾಣುತ್ತಾರೆ. ಕಟ್ಟಡವನ್ನು ಉಳಿಸಿಕೊಂಡರೆ ಮಾತ್ರ ಅದರ ಕಥೆಯನ್ನು ಪೂರ್ತಿ ಹೇಳಲು ಸಾಧ್ಯ. ಕೆಡವಿದರೆ ಅನ್ಯಾಯದ ಸಾಕ್ಷಿಯೂ ಮಣ್ಣಾಗುತ್ತದೆ.

ಆ ಅಜ್ಜಿಯ ದಾರಿಯೇ ಸರಿ ಎಂದು ನನಗೆ ತೋರುತ್ತದೆ. ಅವರು ಸೀರೆಯನ್ನು ಸುಡಲಿಲ್ಲ, ಪೆಟ್ಟಿಗೆಯ ತಳದಲ್ಲೂ ಹಾಕಲಿಲ್ಲ. ಉಟ್ಟರು, ಅಂದ ಒಪ್ಪಿಕೊಂಡರು, ಮಾಲೆಯ ಮಾತನ್ನೂ ಬಿಡಲಿಲ್ಲ. ಸೀರೆ ನೇಯ್ದವರ ಕೈಯಲ್ಲಿ ಯಾವ ಪಾಪವಿತ್ತು? ಗುಮ್ಮಟಕ್ಕೆ ಗಾರೆ ಹೊತ್ತವರ ಕೈಯಲ್ಲೂ ಪಾಪವಿಲ್ಲ.

ಪ್ರತಿ ವರ್ಷ ದಸರೆಗೆ ನಮ್ಮ ಊರಿನ ನಾಲ್ಕು ದೇವತೆಗಳ ಕರಗ ಪಂಪಿನ ಕೆರೆಯಿಂದ ಹೊರಟು ಬೀದಿ ಬೀದಿ ಸುತ್ತುತ್ತದೆ. ಹಿಂದೆ ಊರಿಗೆ ಕೆಟ್ಟ ರೋಗ ಬಂದಾಗ ಹರಕೆ ಹೊತ್ತು ಶುರುವಾದದ್ದು ಎನ್ನುತ್ತಾರೆ. ಒಂದು ಸಲ ಕಲ್ಲಿನಲ್ಲಿ ಕಟ್ಟಿ ಮುಗಿಸುವ ಹರಕೆಯಲ್ಲ ಅದು. ವರ್ಷವರ್ಷವೂ ಹೊಸದಾಗಿ ಹೂವು ಕಟ್ಟಿ, ತಲೆಯ ಮೇಲೆ ಹೊತ್ತು, ಮನೆಮನೆಯ ಬಾಗಿಲಿಗೆ ಬರಬೇಕು. ತಪ್ಪನ್ನು ತಿದ್ದಿಕೊಳ್ಳುವ ಕೆಲಸವೂ ಹಾಗೇ ಇರಬೇಕೇನೋ. ನಡೆದುಕೊಂಡು ಹೋಗಿ, ನೊಂದವರ ಬಾಗಿಲಲ್ಲಿ ನಿಂತು, ಹೆಸರು ಹಿಡಿದು ಕರೆಯಬೇಕು.

ನೊಂದವರು ಯಾರೂ ಉಳಿದಿಲ್ಲದಿದ್ದರೆ, ಕಥೆ ಹೇಳುವವರಾದರೂ ಅವರ ಹೆಸರು ಹೇಳಬೇಕು. ಮಡಿಕೇರಿಯಲ್ಲಿ ಆ ಕೆಲಸ ಸದ್ಯ ನಮ್ಮ ಪಾಲಿಗೆ ಬಂದಿದೆ. ಲಿಂಗರಾಜನ ಗುಮ್ಮಟ ತೋರಿಸುವಾಗ ದೇವಮ್ಮಾಜಿಯ ಹೆಸರನ್ನೂ ಹೇಳಿದರೆ ನೆಂಟರಿಗೆ ಐದು ನಿಮಿಷ ತಡವಾದೀತು, ಅಷ್ಟೆ.